ಎರಡೆಳೆ ತಂತಿ

ಹೇಳಬೇಕಾದ ಮಾತನ್ನು ತ್ಯಾಗರಾಜ ಬೆಳಗಿನಿಂದ ಹತ್ತಾರು ಸಲ ಇಂಗ್ಲಿಷಿನಲ್ಲಿ ಕಟ್ಟಿ, ಅಷ್ಟೇ ಸಲ ಕೆಡವಿದ್ದ. ಕಾರಿನ ಕಿಟಕಿಯ ಆಚೆ ಹೊಲಗಳು ಸ್ಕೇಲು ಇಟ್ಟು ಎಳೆದ ಹಾಗೆ ಓಡುತ್ತಿದ್ದವು. ಕಾಲುವೆ ನೇರ, ಮರಗಳ ಸಾಲು ನೇರ, ಹಸುಗಳು ಕೂಡ ಗಾಳಿಗೆ ಬೆನ್ನು ಕೊಟ್ಟು ಒಂದೇ ದಿಕ್ಕಿಗೆ ನಿಂತಿದ್ದವು. ಇಷ್ಟು ನೇರವಾದ ನಾಡಿನಲ್ಲಿ ತನ್ನ ಮಾತೊಂದೇ ಸೊಟ್ಟಗೆ ಹೊರಡುತ್ತದಲ್ಲ ಎಂದು ಅವನಿಗೆ ಕಿರಿಕಿರಿಯಾಯಿತು. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಇಂಗ್ಲಿಷಿನಲ್ಲೇ ದುಡಿದವನು. ಆದರೆ ಅದು ರಿವೆಟ್ಟು, ಬೋಲ್ಟು, ಎಸ್ ಸರ್‌ಗಳ ಇಂಗ್ಲಿಷ್. ಸತ್ತ ಮನುಷ್ಯನೊಬ್ಬನ ಮೇಲಿನ ಅಪವಾದ ತೆಗೆಯುವ ಇಂಗ್ಲಿಷನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

"ಹೋದ ಶನಿವಾರ ತಾನೇ ನೋಡಿದ್ವಲ್ಲಪ್ಪಾ," ಎಂದಳು ಊರ್ಮಿಳಾ, ರಸ್ತೆಯಿಂದ ಕಣ್ಣು ತೆಗೆಯದೆ. "ಆಮ್‌ಸ್ಟರ್‌ಡಾಮ್ ತೋರಿಸ್ತೀನಿ ಅಂದ್ರೆ ಬೇಡ, ಟ್ಯೂಲಿಪ್ ಸೀಸನ್ ಮುಗೀತು ಅಂದ್ರೆ ಪರವಾಗಿಲ್ಲ. ಆ ತುಕ್ಕು ಹಿಡಿದ ಸಾಮಾನು ನೋಡೋಕೆ ಮಾತ್ರ ಎರಡು ಸಲ. ನಿತಿನ್ ನಗ್ತಾ ಇದ್ರು, ಮಾವಂಗೆ ಅಲ್ಲೇ ಕೆಲಸ ಕೊಡಿಸೋಣ ಅಂತ."

"ನಗಲಿ ಬಿಡು."

"ನಂಗೆ ಈ ವೀಕೆಂಡ್ ಒಂದು ರಾಶಿ ಬಟ್ಟೆ ಇದೆ. ಸೋಮವಾರ ರಿವ್ಯೂ ಇದೆ."

"ಒಂದು ಗಂಟೆ ಕೆಲಸ ಕಣಮ್ಮ. ಬಸ್ ನಂಬರ್ ಹೇಳಿದ್ರೆ ನಾನೇ ಬರ್ತಿದ್ದೆ."

"ಬಸ್ಸಲ್ಲಿ ಬಂದು ಕಳೆದುಹೋಗಿ, ಪೊಲೀಸ್ನೋರು ನಂಗೆ ಫೋನ್ ಮಾಡಿ..." ಅವಳು ಗೇರ್ ಬದಲಿಸಿದಳು. ಅರವತ್ತೇಳು ವರ್ಷದ ತನ್ನನ್ನು ಮಗಳು ಮಗುವಿನ ಹಾಗೆ ಸೀಟಿಗೆ ಬಿಗಿದು ಕೂರಿಸಿಕೊಂಡು ಹೋಗುತ್ತಿದ್ದಾಳೆ. ಎದೆಯ ಮೇಲಿನ ಬೆಲ್ಟನ್ನು ಸಡಿಲಿಸಿ ನೋಡಿದ. ಅದು ಮತ್ತೆ ಬಂದು ಬಿಗಿದುಕೊಂಡಿತು.

ಹೋದ ಶನಿವಾರ ಹೊತ್ತು ಕಳೆಯಲೆಂದು ಬಂದದ್ದು. ಮಗಳಿರುವ ಐಂಡ್‌ಹೋವನ್‌ನಿಂದ ಒಂದು ಗಂಟೆ ದೂರದ ಹಳ್ಳಿ, ಮುಚ್ಚಿದ ಹಾಲಿನ ಡೇರಿಯೊಂದನ್ನು ಊರವರೇ ಸೇರಿ ಮ್ಯೂಸಿಯಂ ಮಾಡಿಕೊಂಡಿದ್ದರು. ಯುದ್ಧಕಾಲದಲ್ಲಿ, ಸಾವಿರದ ಒಂಬೈನೂರ ನಲವತ್ಮೂರರ ಜೂನ್ ತಿಂಗಳಲ್ಲಿ, ನಾಲ್ಕು ಎಂಜಿನ್ನಿನ ಬ್ರಿಟಿಷ್ ಬಾಂಬರ್ ವಿಮಾನವೊಂದು ಹೊತ್ತಿ ಉರಿಯುತ್ತ ಅವರ ಹೊಲಕ್ಕೆ ಬಿದ್ದಿತ್ತು. ಐವತ್ತು ವರ್ಷದ ಮೇಲೆ ಜೌಗು ಮಣ್ಣಿನಿಂದ ಅದನ್ನು ಎತ್ತಿ ತೊಳೆದು, ಚೂರು ಚೂರಾಗಿ ಮೇಜುಗಳ ಮೇಲೆ ಜೋಡಿಸಿದ್ದರು. ಬಾಗಿಲು ತಳ್ಳುತ್ತಲೇ ವಾಸನೆ ಹತ್ತಿತ್ತು. ಹಳೆಯ ಎಣ್ಣೆ, ಹಸಿ ಮಣ್ಣು, ಕೊಳೆತ ಅಲ್ಯೂಮಿನಿಯಂ. ನಲವತ್ತು ವರ್ಷದಿಂದ ಮೂಗಿಗೆ ಬೀಳದಿದ್ದ ವಾಸನೆ. ಎಲ್ಲ ತೋರಿಸುತ್ತಿದ್ದವನು ವಿಮ್ ಎಂಬ ನಿವೃತ್ತ ಶಾಲಾ ಮಾಸ್ತರ, ಬಿಳಿ ಮೀಸೆ, ಮಕ್ಕಳಿಗೆ ಕಥೆ ಹೇಳುವ ದನಿ. ವಿಮಾನದ ಮೂತಿಯ ನೆಲದಲ್ಲಿದ್ದ ಪಾರಾಗುವ ಬಾಗಿಲನ್ನು ತೋರಿಸಿ ಅವನು ಹೇಳಿದ ಕಥೆಯೇ ತ್ಯಾಗರಾಜನನ್ನು ಒಂದು ವಾರ ತಿಂದಿತ್ತು. ಏಳು ಜನ ಇದ್ದರು. ಬಾಲದ ಕಡೆಯ ಇಬ್ಬರು ಹಾರಿ ಬದುಕಿದರು. ಮುಂದಿನ ಐವರು ಹೊರಬರಬೇಕಿದ್ದುದು ಈ ಬಾಗಿಲಿನಿಂದ. ಬಾಗಿಲ ಮೇಲೆಯೇ ಮಲಗಿ ಕೆಲಸ ಮಾಡುವ ಬಾಂಬ್ ಎಸೆಯುವವನು, ಹ್ಯಾರಿ, ಅದನ್ನು ತೆರೆದು ಮೊದಲು ಹಾರಬೇಕು. ಉಳಿದವರು ಅವನ ಹಿಂದೆ. "ಹ್ಯಾರಿ, ಬಾಗಿಲು ತೆಗಿ" ಎಂದು ಪೈಲಟ್ ಕೂಗಿದ್ದನ್ನು ಬದುಕಿ ಉಳಿದವರು ಇಯರ್‌ಫೋನಿನಲ್ಲಿ ಕೇಳಿದ್ದರು. ಹ್ಯಾರಿ ಉತ್ತರ ಕೊಡಲಿಲ್ಲ. ಬಾಗಿಲು ತೆರೆಯಲಿಲ್ಲ. ವಿಮ್ ಇಲ್ಲಿಗೆ ಬಂದು ದನಿ ತಗ್ಗಿಸಿ, ಇಪ್ಪತ್ತು ವರ್ಷದ ಹುಡುಗ, ಭಯದಿಂದ ಮರಗಟ್ಟಿದ್ದ, ಅವನ ಹಿಂದೆ ನಾಲ್ಕು ಜನ ಸಾಲಾಗಿ ಉರಿದುಹೋದರು ಎಂದಿದ್ದ. ಪಕ್ಕದ ಮಾಹಿತಿ ಹಲಗೆಯ ಮೇಲೂ ಡಚ್ಚಿನಲ್ಲಿ, ಇಂಗ್ಲಿಷಿನಲ್ಲಿ ಹಾಗೆಯೇ ಬರೆದಿತ್ತು. ಮುಂದಿನ ಶನಿವಾರ ಹನ್ನೊಂದಕ್ಕೆ ಹ್ಯಾರಿಯ ಅಕ್ಕನ ಮಗಳು ಇಂಗ್ಲೆಂಡಿನಿಂದ ಮೊದಲ ಸಲ ಬರುತ್ತಾಳೆ, ನಮಗೆಲ್ಲ ಬಹಳ ಭಾವುಕ ದಿನ ಎಂದೂ ಸೇರಿಸಿದ್ದ.

ಬಾಗಿಲ ಚೌಕಟ್ಟಿಗೆ ಇನ್ನೂ ಅಂಟಿಕೊಂಡಿದ್ದ ಹಿಡಿಯನ್ನು ತ್ಯಾಗರಾಜ ಆಗ ಬಗ್ಗಿ ನೋಡಿದ್ದ. ಹಿಡಿ ಬಾಗಿತ್ತು. ಅದರ ಕೊರಳಿನಲ್ಲಿ, ಹಸಿರು ಕಿಲುಬು ಹಿಡಿದು, ತಾಮ್ರದ ತಂತಿ. ಎರಡೆಳೆ. ಜಡೆ ಹೆಣೆದ ಹಾಗೆ ಅಂದವಾಗಿ ಹೊಸೆದದ್ದು, ತುದಿ ಒಳಕ್ಕೆ ಮಡಚಿದ್ದು, ಯಾರ ಕೈಗೂ ಗೀರದ ಹಾಗೆ. ಒಳ್ಳೆಯ ಕೈ. ಕಾಳಜಿಯ ಕೈ.

ಅಂಥ ಹಿಡಿಗೆ ಒಂದೇ ಎಳೆ ಹಾಕಬೇಕು. ತಾನಾಗಿ ಅಲುಗದಿರಲಿ ಎಂದು ತಂತಿ. ಮನುಷ್ಯ ಎಳೆದರೆ ತಟ್ಟನೆ ಹರಿಯಲಿ ಎಂದು ಒಂದೇ ಎಳೆ. ಇದು ಗೊತ್ತಿಲ್ಲದ ಫಿಟ್ಟರ್ ಇಲ್ಲ. ಗೊತ್ತಿದ್ದೂ ಎರಡು ಹಾಕುತ್ತಾರೆ. ಒಳಗೆ ಹತ್ತಿ ಇಳಿಯುವವರ ಪ್ಯಾರಾಶೂಟ್ ಪಟ್ಟಿ ತಗಲಿ ಒಂದೆಳೆ ದಿನಕ್ಕೆರಡು ಸಲ ಹರಿಯುತ್ತದೆ. ಹರಿದದ್ದು ಇನ್‌ಸ್ಪೆಕ್ಷನ್ನಿನಲ್ಲಿ ಸಿಕ್ಕರೆ ಬೈಗುಳ. ಅಲ್ಲದೆ ಅಂಥ ಬಾಗಿಲು ಗಾಳಿಗೆ ಲಟಲಟ ಎನ್ನುತ್ತದೆ. "ಏನಯ್ಯಾ ತ್ಯಾಗು, ಈ ಬಾಗಿಲು ರಾತ್ರಿಯೆಲ್ಲ ಹಲ್ಲು ಕಡಿಯುತ್ತಲ್ಲೋ, ನಮ್ಮಜ್ಜಿ ಜೊತೆ ಮಲಗಿದ ಹಾಗಾಗುತ್ತೆ," ಎನ್ನುತ್ತಿದ್ದರು ಸೋಮಶೇಖರ್ ಸಾಹೇಬರು, ಕ್ಯಾನ್‌ಬೆರಾ ಬಾಂಬರ್ ವಿಮಾನದಲ್ಲಿ ದಾರಿ ಗೊತ್ತುಮಾಡುವ ನ್ಯಾವಿಗೇಟರ್, ಮೈಸೂರಿನವರು. ಉತ್ತರ ಭಾರತದ ಆ ವಾಯುನೆಲೆಯಲ್ಲಿ ಇಬ್ಬರೇ ಕನ್ನಡದವರು, ಒಬ್ಬ ಆಫೀಸರ್, ಒಬ್ಬ ಕಾರ್ಪೊರಲ್. ರನ್‌ವೇ ಪಕ್ಕದ ಚಳಿಯಲ್ಲಿ ಆ ಎರಡು ನಿಮಿಷ ಕನ್ನಡ ಕೇಳಲು ತ್ಯಾಗರಾಜ ಇಡೀ ದಿನ ಕಾಯುತ್ತಿದ್ದ. ಆ ವಿಮಾನದಲ್ಲಿ ಪೈಲಟ್‌ಗೆ ಸೀಟಿನ ಸಮೇತ ಹಾರಿಹೋಗುವ ಅನುಕೂಲವಿತ್ತು. ನ್ಯಾವಿಗೇಟರ್‌ಗೆ ಇದ್ದದ್ದು ಪಕ್ಕದ ಬಾಗಿಲೊಂದೇ. ಎಪ್ಪತ್ತೊಂದರ ಡಿಸೆಂಬರಿನ ಒಂದು ಮಧ್ಯಾಹ್ನ ಅವನು ಆ ಬಾಗಿಲಿನ ಹಿಡಿಗೆ ಎರಡೆಳೆ ಹಾಕಿದ. ಅಕ್ಕರೆಯಿಂದ ಹಾಕಿದ. "ಇವತ್ತು ಭದ್ರಾನಾ?" ಎಂದು ಕೇಳಿದರು. "ಭದ್ರ ಸಾರ್," ಎಂದ.

"ಇಳೀರಿ ಅಪ್ಪಾ," ಎಂದಳು ಊರ್ಮಿಳಾ. ಕಾರು ನಿಂತು ಎಷ್ಟು ಹೊತ್ತಾಗಿತ್ತೋ. ಅವಳು ಬಾಗಿಲು ತೆರೆದು ಹಿಡಿದು ನಿಂತಿದ್ದಳು.

ಒಳಗೆ ಹದಿನೈದಿಪ್ಪತ್ತು ಜನ. ಎಲ್ಲರ ಕೈಯಲ್ಲೂ ಕಾಫಿ, ತಟ್ಟೆಯಲ್ಲಿ ಒಂದೊಂದೇ ಬಿಸ್ಕತ್ತು. ಕೊಟ್ಟ ಕೂಡಲೇ ಡಬ್ಬದ ಮುಚ್ಚಳ ಹಾಕುವ ಈ ಊರಿನ ಪದ್ಧತಿಗೆ ತ್ಯಾಗರಾಜ ಮೊದಲ ವಾರ ನಕ್ಕಿದ್ದ, ಈಗ ಅದೂ ರೇಗಿಸಿತು. ಹ್ಯಾರಿಯ ಅಕ್ಕನ ಮಗಳು ಡೊರೊತಿ ಎತ್ತರದ, ಬೆನ್ನು ಬಾಗದ ಹೆಂಗಸು, ಎಪ್ಪತ್ತು ದಾಟಿದವಳು. ಕಪ್ಪು ಕೋಟಿನ ಗುಂಡಿಗಳನ್ನು ಮೇಲಿನವರೆಗೂ ಹಾಕಿಕೊಂಡಿದ್ದಳು, ತನಿಖೆಗೆ ಬಂದವಳ ಹಾಗೆ. ವಿಮ್ ಅವಳ ಮೊಣಕೈ ಹಿಡಿದು ಬಾಗಿಲ ಹತ್ತಿರ ಕರೆತಂದ. ಅದೇ ಕಥೆ ಶುರುವಾಯಿತು. ಇವತ್ತು ಅವನು ಮೆತ್ತಗೆ ಹೇಳಿದ, 'ಭಯ' ಎನ್ನುವಲ್ಲಿ 'ಆ ವಯಸ್ಸಿಗೆ ಸಹಜವಾದ ಭಯ' ಎಂದ. ಅವಳು ತಲೆಯಾಡಿಸಿದಳು. ಅದು ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಕೇಳಿಸಿಕೊಳ್ಳುವ ತಲೆಯಾಟ.

"ಇಲ್ಲ," ಎಂದ ತ್ಯಾಗರಾಜ. ಕನ್ನಡದಲ್ಲಿ ಬಂದುಬಿಟ್ಟಿತ್ತು. ಎಲ್ಲರೂ ತಿರುಗಿದರು. ಕಾರಿನಲ್ಲಿ ಕಟ್ಟಿದ್ದ ಇಂಗ್ಲಿಷ್ ಒಂದೂ ಕೈಗೆ ಸಿಗಲಿಲ್ಲ. "ಸರ್. ಹ್ಯಾಂಡಲ್. ನಾಟ್ ಫಿಯರ್. ಪುಲ್ಲಿಂಗ್. ಹಿ ಈಸ್ ಪುಲ್ಲಿಂಗ್."

"ಆ, ಮೆನೇರ್! ನೀವು ಹೋದ ವಾರವೂ ಬಂದಿದ್ದಿರಿ!" ತಮ್ಮ ಡಚ್ಚಿನ 'ಸಾರ್' ಸೇರಿಸಿ ಹೇಳಿದ ವಿಮ್‌ನ ಮುಖ ಅರಳಿತು. ಊರ್ಮಿಳಾ ನಾಚಿಕೆಯಿಂದ ಡಚ್ಚಿನಲ್ಲಿ ಏನೋ ಹೇಳಿದಳು. ಎರಡೇ ಎರಡು ವಾಕ್ಯ. ತಕ್ಷಣ ಎಲ್ಲರ ಮುಖದಲ್ಲೂ ಮೆಚ್ಚುಗೆ ಹರಡಿತು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಫೋಟೋ ತೆಗೆಯಲು ಫೋನ್ ಎತ್ತಿದ. ಅವನ ಕೈಗೆ ಒಂದು ಬಿಸ್ಕತ್ತು ಬಂತು.

"ಏನಂದೆ ನೀನು?"

"ನಮ್ಮಪ್ಪನೂ ಏರ್‌ಫೋರ್ಸಲ್ಲಿದ್ರು, ಇಂಥ ಪ್ಲೇನ್ ಕಂಡ್ರೆ ತುಂಬ ಇಷ್ಟ ಅಂದೆ. ಇನ್ನೇನ್ ಅನ್ಲಿ?"

"ನಾನು ಹೇಳಿದ್ದು ಅದಲ್ಲ. ಆ ಹುಡುಗ ಹೆದರಲಿಲ್ಲ ಅಂತ ಹೇಳು. ಹಿಡಿ ಯಾವ ಕಡೆ ಬಾಗಿದೆ ನೋಡು ಅಂತ ಹೇಳು. ನೆಲಕ್ಕೆ ಬಡಿದು ಬಾಗಿದ್ರೆ ಬಾಗಿಲಿಗೆ ಒತ್ತಿಕೊಂಡು ಚಪ್ಪಟೆ ಆಗ್ಬೇಕಿತ್ತು. ಇದು ಒಳಗೆ, ಮನುಷ್ಯನ ಕಡೆಗೆ ಬಾಗಿದೆ. ಎಳೆದೂ ಎಳೆದೂ ಬಾಗಿದೆ."

"ಅಪ್ಪಾ, ಪ್ಲೀಸ್. ಅವರು ಇಪ್ಪತ್ತು ವರ್ಷ ಸ್ಟಡಿ ಮಾಡಿದಾರೆ. ನೀವು ಎರಡು ಸಲ ನೋಡಿ..." ಅವಳ ದನಿ ತಗ್ಗಿತು. "ಆ ಅಜ್ಜಿ ಎದುರಿಗೆ ತಮಾಷೆ ಮಾಡ್ಕೋಬೇಡಿ."

ತಮಾಷೆ. ಬಿಸ್ಕತ್ತು ಹಿಡಿದ ಕೈ ಇಳಿಸಿದ. ಅಂದು ಹೊಲದಲ್ಲಿ ಬಿದ್ದ ಕ್ಯಾನ್‌ಬೆರಾದ ಹತ್ತಿರ ಹೋದಾಗಲೂ ಕೈಯಲ್ಲಿ ಏನೋ ಇತ್ತು, ಬ್ರೆಡ್ಡೋ ಏನೋ, ಊಟ ಬಿಟ್ಟು ಓಡಿದ್ದ. ನೆಲೆಯಿಂದ ಐದು ಮೈಲಿ, ಸಾಸಿವೆ ಹೂ ಬಿಟ್ಟ ಹೊಲ. ಗುಂಡು ತಾಗಿ ಹೊತ್ತಿಕೊಂಡೇ ವಿಮಾನ ವಾಪಸು ಬಂದಿತ್ತು. ಪೈಲಟ್ ಹಾರಿದ್ದ. ಸೋಮಶೇಖರ್ ಸಾಹೇಬರ ಬಾಗಿಲು ಇದ್ದಲ್ಲೇ ಇತ್ತು, ಮುಚ್ಚಿಕೊಂಡು. ತಣ್ಣಗಾದ ಮೇಲೆ ಅವಶೇಷ ಆರಿಸುವ ತಂಡದಲ್ಲಿ ಅವನೂ ಒಬ್ಬ. ಹಿಡಿ ಒಳಮುಖವಾಗಿ ಬಾಗಿದ್ದನ್ನು ನೋಡಿದ. ಎರಡೆಳೆಯೂ ಹರಿದಿರಲಿಲ್ಲ. ಅಕ್ಕಪಕ್ಕ ನೋಡಿ, ಇಕ್ಕುಳದಿಂದ ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಯಾರೂ ಏನೂ ಕೇಳಲಿಲ್ಲ. ಶತ್ರುವಿನ ಗುಂಡಿನಿಂದ ಬೆಂಕಿ ಎಂದು ವಿಚಾರಣೆ ಮುಗಿಯಿತು. ಅದು ಸುಳ್ಳೂ ಅಲ್ಲ. ಆಮೇಲೆ ಅವನಿಗೆ ಪ್ರಮೋಷನ್ ಬಂತು, ಮದುವೆಯಾಯಿತು, ಇವಳು ಹುಟ್ಟಿದಳು. ಇವಳು ಸ್ಕೂಲಿನಲ್ಲಿ 'ನಮ್ಮಪ್ಪ ಯುದ್ಧದಲ್ಲಿದ್ದರು' ಎಂದು ಪ್ರಬಂಧ ಬರೆದು ಬಹುಮಾನ ತಂದಳು.

ಡೇರಿಯ ಮೂಲೆಯಲ್ಲಿ ಸ್ವಯಂಸೇವಕರ ಕೆಲಸದ ಮೇಜು. ಅದರ ಮೇಲೆ ಇಕ್ಕುಳ, ತಾಮ್ರದ ತಂತಿಯ ಸುರುಳಿ. ಪಕ್ಕದಲ್ಲಿ ತಗಡಿನ ಬೀರು, ಅದಕ್ಕೊಂದು ಉದ್ದ ಹಿಡಿ. ತ್ಯಾಗರಾಜ ಯಾರ ಅಪ್ಪಣೆಗೂ ಕಾಯದೆ ಅಲ್ಲಿಗೆ ನಡೆದ. ವಿಮ್ ಒಂದು ಕ್ಷಣ ಗಾಬರಿಯಾಗಿ, ಮತ್ತೆ ದೊಡ್ಡ ಮನಸ್ಸು ಮಾಡಿ ನಕ್ಕು, ಹೋಗಲಿ ಬಿಡಿ, ಆಡಿಕೊಳ್ಳಲಿ ಎಂಬಂತೆ ಕೈಯಾಡಿಸಿದ. ಆ ಕೈಯಾಟ ಕೆನ್ನೆಗೆ ಹೊಡೆದ ಹಾಗಿತ್ತು. ಆದರೂ ಇಕ್ಕುಳ ಅಂಗೈಗೆ ಬಂದದ್ದೇ ತಡ, ಬೆರಳುಗಳಿಗೆ ಅರವತ್ತೇಳು ವರ್ಷ ಮರೆತುಹೋಯಿತು. ಬೀರುವಿನ ಹಿಡಿಯನ್ನು ಪಕ್ಕದ ಕೊಂಡಿಗೆ ಒಂದೆಳೆಯಲ್ಲಿ ಬಿಗಿದ. ಡೊರೊತಿಯ ಕಡೆ ತಿರುಗಿ, "ಮೇಡಮ್, ಪುಲ್," ಎಂದ. ಅವಳು ಅಷ್ಟು ದೂರದಿಂದ ಅವನನ್ನೇ ನೋಡುತ್ತಿದ್ದಳು. ಕಾಫಿ ಇಟ್ಟು ಬಂದಳು. ಎಳೆದಳು. ತಂತಿ ಟಕ್ಕೆಂದು ಹರಿದು ಬೀರು ತೆರೆದುಕೊಂಡಿತು. ಒಳಗೆ ಪೊರಕೆ, ಫಿನಾಯಿಲ್ ಡಬ್ಬ. ಕೆಲವರು ನಕ್ಕರು. ಅವನು ಬಾಗಿಲು ಮುಚ್ಚಿ, ಈಗ ಎರಡೆಳೆ ಹಾಕಿ ಹೊಸೆದ. ತುದಿ ಒಳಕ್ಕೆ ಮಡಚಿದ. "ಪುಲ್." ಅವಳು ಎಳೆದಳು. ಎರಡು ಕೈ ಹಾಕಿ ಎಳೆದಳು. ಬೀರುವೇ ಕರ್ರೆಂದು ನೆಲದ ಮೇಲೆ ಒಂದು ಗೇಣು ಸರಿಯಿತು. ತಂತಿ ಹರಿಯಲಿಲ್ಲ. ಅವಳ ಕೋಟಿನ ಗುಂಡಿಯೊಂದು ಕಿತ್ತು ಉರುಳಿತು. ಯಾರೂ ನಗಲಿಲ್ಲ. ಅವಳು ಹಿಡಿ ಬಿಟ್ಟು ಏದುಸಿರು ಬಿಡುತ್ತ, ಹೋಗಿ ಕಿಲುಬು ಹಿಡಿದ ಆ ಇನ್ನೊಂದು ತಂತಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಆಸಕ್ತಿದಾಯಕ," ಎಂದ ವಿಮ್. ದನಿಯಲ್ಲಿ ಕಥೆ ಹೋಗಿ ಮಾಸ್ತರಿಕೆ ಬಂದಿತ್ತು. "ಆದರೆ ಮೆನೇರ್, ನಾನು ಆ ಕಾಲದ ಕೈಪಿಡಿ ಓದಿದ್ದೇನೆ. ಒಂದೇ ಎಳೆ ಎಂದು ಸ್ಪಷ್ಟವಾಗಿದೆ. ತರಬೇತಿ ಪಡೆದ ಯಾವ ಮೆಕ್ಯಾನಿಕ್ಕೂ ಎರಡು ಹಾಕುವುದಿಲ್ಲ. ಆ ತಂತಿಯನ್ನು ಬೇರೆ ಯಾರೋ, ಬೇರೆ ಯಾವಾಗಲೋ ಸುತ್ತಿರಬೇಕು. ಕ್ಷಮಿಸಿ, ಊಹೆಯ ಮೇಲೆ ಹಲಗೆ ಬದಲಿಸಲಾಗುವುದಿಲ್ಲ. ಮೆಕ್ಯಾನಿಕ್ ಹಾಗೆ ಮಾಡುತ್ತಾನೆಂದು ನಿಮಗೆ ಹೇಗೆ ಗೊತ್ತು?"

ಊರ್ಮಿಳಾ ಕನ್ನಡಕ್ಕೆ ತರಬೇಕಾಗಿರಲಿಲ್ಲ. ಅವನಿಗೆ ಅರ್ಥವಾಗಿತ್ತು. ಈ ಪ್ರಶ್ನೆ ಬರುತ್ತದೆಂದು ವಾರದಿಂದ ಗೊತ್ತಿತ್ತು. ಅದಕ್ಕೇ ವಾಕ್ಯ ಕೆಡವಿ ಕೆಡವಿ ಕಟ್ಟುತ್ತಿದ್ದದ್ದು. ಈಗ ಸುಮ್ಮನಿದ್ದರೆ ಹ್ಯಾರಿ ಹೇಡಿಯಾಗಿ ಉಳಿಯುತ್ತಾನೆ. ಎಪ್ಪತ್ತು ವರ್ಷ ಉಳಿದಿದ್ದಾನೆ, ಇನ್ನೂ ಉಳಿಯುತ್ತಾನೆ, ಸತ್ತವನಿಗೇನು? ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಸೆಂಟಿನ ವಾಸನೆ, ಕೈಯಲ್ಲಿ ಕಾರಿನ ಕೀ.

"ಊರ್ಮಿ, ಈಗ ಒಂದಕ್ಷರ ಬಿಡದೆ ಹೇಳು," ಎಂದ. "ನನಗೆ ಹೇಗೆ ಗೊತ್ತು ಅಂದ್ರೆ, ನಾನೇ ಹಾಕಿದ್ದೆ. ಎಪ್ಪತ್ತೊಂದರಲ್ಲಿ. ನ್ಯಾವಿಗೇಟರ್ ಬಾಗಿಲಿಗೆ. ಬಾಗಿಲು ಲಟಲಟ ಅನ್ನಬಾರದು ಅಂತ. ಬೆಂಕಿ ಬಿತ್ತು. ಅವರು ಎಳೆದರು. ಬರಲಿಲ್ಲ. ಹಿಡಿ ಹೀಗೇ ಬಾಗಿತ್ತು. ಆಮೇಲೆ ನಾನು ತಂತಿ ಕತ್ತರಿಸಿ ಬಚ್ಚಿಟ್ಟೆ."

ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತೋ ಭಯವಿತ್ತೋ. ಆಮೇಲೆ ಹೇಳಿದಳು, ಇಂಗ್ಲಿಷಿನಲ್ಲಿ, ಡೊರೊತಿಗೆ ತಿಳಿಯಲೆಂದು. ನಿಧಾನವಾಗಿ, ಆಫೀಸಿನ ವರದಿ ಓದುವ ಹಾಗೆ, ಒಂದನ್ನೂ ಬಿಡದೆ. ಬಚ್ಚಿಟ್ಟದ್ದನ್ನೂ.

ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಫೋನ್ ಎತ್ತಿದ್ದವನು ಅದನ್ನು ಜೇಬಿಗೆ ಹಾಕಿಕೊಂಡ. ವಿಮ್ ಮೀಸೆ ಸವರಿಕೊಂಡು, ಸಮಿತಿಯ ಸಭೆ ನವೆಂಬರಿನಲ್ಲಿದೆ, ವಿಷಯ ಇಡುತ್ತೇನೆ, ಎಂದ. ತ್ಯಾಗರಾಜನ ವೀಸಾ ಅಕ್ಟೋಬರಿಗೆ ಮುಗಿಯುತ್ತದೆ. ಅಷ್ಟರವರೆಗೆ ಅನಿಸಿಕೆ ಪುಸ್ತಕದಲ್ಲಿ ಬರೆದಿಡಬಹುದಲ್ಲ ಎಂದು ವಿಮ್ ಬಾಗಿಲ ಬಳಿಯ ದಪ್ಪ ಪುಸ್ತಕ ತೋರಿಸಿದ. ಅದರಲ್ಲಿ ಮೇಲಿನ ಸಾಲು ಯಾವುದೋ ಮಗು ಬಿಡಿಸಿದ ವಿಮಾನ, ಪಕ್ಕದಲ್ಲಿ ನಗುವ ಸೂರ್ಯ.

ಆದರೂ ಪೆನ್ನು ತೆಗೆದುಕೊಂಡ. ಮಗುವಿನ ಚಿತ್ರದ ಕೆಳಗೆ ಬೆರಳಂಚಿನ ಆಸರೆಯಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದ, ವಿಮಾನದ ಸರ್ವಿಸಿಂಗ್ ರಿಜಿಸ್ಟರಿನಲ್ಲಿ ಇರುವ ಹಾಗೆ. ಅದರಲ್ಲಿ ಕೆಲಸ ಮಾಡಿದವನು ಒಂದು ಸಹಿ ಹಾಕಬೇಕು. ಕೈಯಾರೆ ಪರೀಕ್ಷಿಸಿದ ಇನ್ನೊಬ್ಬರು ಪಕ್ಕದಲ್ಲಿ ಹಾಕಬೇಕು. ಎರಡೂ ಇಲ್ಲದೆ ವಿಮಾನ ಏಳುವಂತಿಲ್ಲ. ಈ ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಮೊದಲ ಸಾಲು: ಮೂತಿಯ ಬಾಗಿಲು, ತಂತಿ ಎರಡೆಳೆ, ಹಿಡಿ ಒಳಮುಖ ಬಾಗಿದೆ, ಒಳಗಿದ್ದಾತ ಎಳೆದಿದ್ದಾನೆ. ಎರಡನೆಯ ಸಾಲು: ನ್ಯಾವಿಗೇಟರ್ ಬಾಗಿಲು, ಡಿಸೆಂಬರ್ 1971, ತಂತಿ ಎರಡೆಳೆ, ಹಾಕಿದ್ದು ಕಾರ್ಪೊರಲ್ ತ್ಯಾಗರಾಜ. ಸರ್ವಿಸ್ ನಂಬರ್ ತಡವರಿಸದೆ ಬಂತು. ಎರಡಕ್ಕೂ ಸಹಿ ಹಾಕಿ, ಪೆನ್ನನ್ನು ಡೊರೊತಿಯ ಕಡೆ ಹಿಡಿದ. "ಎಳೆದು ನೋಡಿದವರು ನೀವು. ನೀವೇ ಹಾಕಬೇಕು ಅಂತ ಹೇಳು," ಎಂದ ಮಗಳಿಗೆ.

ಡೊರೊತಿ ಕನ್ನಡಕ ಹಾಕಿಕೊಂಡು ಎರಡೂ ಸಾಲು ಓದಿದಳು. "ನಮ್ಮಮ್ಮ ತನ್ನ ತಮ್ಮನ ಫೋಟೋವನ್ನು ಗೋಡೆಗೆ ಹಾಕಲಿಲ್ಲ," ಎಂದಳು, ಯಾರಿಗೂ ಅಲ್ಲದ ಹಾಗೆ. "ಉಳಿದ ನಾಲ್ಕು ಮನೆಯವರು ನೋಡಿದರೆ ಏನೆಂದಾರು ಅಂತ." ಮೊದಲ ಸಾಲಿಗೆ ಸಹಿ ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ. ಎರಡನೆಯ ಸಾಲಿನ ಮೇಲೆ ಪೆನ್ನು ನಿಂತಿತು. ಅವಳು ಪೆನ್ನಿಗೆ ಕ್ಯಾಪ್ ಹಾಕಿ ಅವನ ಕೈಗೆ ಕೊಟ್ಟಳು. "ಇದು ನಾನು ಹಾಕುವ ಸಹಿ ಅಲ್ಲ," ಎಂದಳು. ಒರಟಾಗಿ ಅಲ್ಲ. ಅವನ ಭುಜ ಮುಟ್ಟಲು ಬಂದ ಕೈ ಅರ್ಧದಲ್ಲಿ ನಿಂತು, ಬಗ್ಗಿ, ನೆಲದ ಮೇಲಿನ ಗುಂಡಿಯನ್ನು ಎತ್ತಿಕೊಂಡಿತು.

ಕಾರಿನಲ್ಲಿ ಊರ್ಮಿಳಾ ಎಂಜಿನ್ ಶುರು ಮಾಡಲಿಲ್ಲ. ಎದುರಿನ ಕಾಲುವೆಯಲ್ಲಿ ಬಾತುಕೋಳಿಗಳು ಗಲಾಟೆ ಮಾಡುತ್ತಿದ್ದವು. ಅವಳಿಗೆ ಹೇಳಲು ಬೇಕಾದಷ್ಟಿತ್ತೆಂದು ಅವನಿಗೆ ಗೊತ್ತಿತ್ತು. ನನ್ನನ್ನು ಅಷ್ಟು ಜನರ ಮಧ್ಯೆ ನಿಲ್ಲಿಸಿ ನನ್ನ ಬಾಯಲ್ಲೇ ಹೇಳಿಸಿದಿರಲ್ಲ, ಎಂದು ಕೇಳಬಹುದಿತ್ತು. ಕೇಳಲಿ ಎಂದು ಕಾದ.

"ಆ ನ್ಯಾವಿಗೇಟರ್‌ಗೆ ಮನೆಯೋರು ಯಾರಾದ್ರೂ ಇದ್ರಾ ಅಪ್ಪಾ?"

"ಹೆಂಡತಿ. ಮದುವೆಯಾಗಿ ಎಂಟು ತಿಂಗಳಾಗಿತ್ತು."

"ಈಗ ಇದಾರಾ?"

"ಇದಾರೆ."

"ಹುಡುಕೋದು ಹೇಗೆ? ರೆಕಾರ್ಡ್ಸ್ ಆಫೀಸಿಗೆ ಬರೀಬೇಕೇನೋ. ನಿತಿನ್ ಫ್ರೆಂಡ್ ಒಬ್ರು ಡೆಲ್ಲೀಲಿ..."

"ಮೈಸೂರಲ್ಲೇ, ಸರಸ್ವತಿಪುರಂ," ಎಂದ ತ್ಯಾಗರಾಜ. "ಏಳನೇ ಮೇನ್, ಇನ್ನೂರ ನಲವತ್ತೊಂದು. ಗೇಟು ಮೊದಲು ಹಸಿರಿತ್ತು. ಹೋದ ವರ್ಷ ನೀಲಿ ಬಳಿಸಿದಾರೆ."